ಪೆಂಗಳ್ಳಿ ಬಂಗ್ಲೆ

ನಮ್ಮಜ್ಜಿ ಅದನ್ನು ಪೆಂಗಳ್ಳಿ ಬಂಗ್ಲೆ ಅಂತ ಕರೆಯುತ್ತಿದ್ದರು. ಕೆಜಿಎಫ್‌ನ ಊರಗಾಂ ಸ್ಟೇಷನ್ನಿನಲ್ಲಿ ಇಳಿದು ಅಜ್ಜಿ ಮನೆಗೆ ನಡೆದು ಹೋಗುವ ದಾರಿಯಲ್ಲಿ ಅದು ಸಿಗುತ್ತಿತ್ತು. ತಗಡಿನ ಚಾವಣಿ, ಉದ್ದನೆಯ ವೆರಾಂಡ, ಇಟ್ಟಿಗೆಯ ಹೊಗೆಗೂಡು, ಕಾಂಪೌಂಡಿನ ತುಂಬ ಲಂಟಾನ ಪೊದೆ. ನಾನು ಬೇಸಿಗೆ ರಜಕ್ಕೆ ಹೋಗುವ ಹೊತ್ತಿಗೆ ಅಲ್ಲಿ ಯಾರೂ ವಾಸ ಇರಲಿಲ್ಲ. ಕಿಟಕಿಗೆ ಹಲಗೆ ಹೊಡೆದಿದ್ದರು. ಅಜ್ಜಿ ಮಾತ್ರ ದಾರಿ ಹೇಳುವಾಗಲೆಲ್ಲ ಅದೇ ಗುರುತು ಕೊಡುತ್ತಿದ್ದರು. 'ಪೆಂಗಳ್ಳಿ ಬಂಗ್ಲೆ ದಾಟಿ ಎಡಕ್ಕೆ ತಿರುಗು.' ಕೋಲಾರದ ಕಡೆ ಹಳ್ಳಿ ಅಂತ ಮುಗಿಯುವ ಊರುಗಳಿಗೆ ಲೆಕ್ಕ ಇದೆಯಾ? ನಾನೂ ಪೆಂಗಳ್ಳಿ ಅನ್ನುವುದು ಬೇತಮಂಗಲದ ಆಚೆ ಎಲ್ಲೋ ಇರುವ ಒಂದು ಊರು ಅಂತಲೇ ತಿಳಿದಿದ್ದೆ. ಒಂದು ಸಲ ಕೇಳಿಯೂ ಕೇಳಿದೆ. 'ಅಜ್ಜಿ, ಪೆಂಗಳ್ಳಿ ಎಲ್ಲಿದೆ?' ಅಜ್ಜಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ ಹೇಳಿದರು, 'ಯಾವುದೋ ದೊರೆ ಊರಿರಬೇಕು ಮಗಾ.'

ಆ ಮಾತು ಅಲ್ಲಿಗೇ ಮುಗಿದಿತ್ತು. ಮೂವತ್ತು ವರ್ಷ ನಾನು ಅದರ ಬಗ್ಗೆ ಯೋಚನೆಯನ್ನೇ ಮಾಡಲಿಲ್ಲ. ಒಂದು ರಾತ್ರಿ ಇಂಗ್ಲೆಂಡಿನ ಕೆಂಟ್ಸ್ ಗುಹೆಯ ಬಗ್ಗೆ ಓದುತ್ತಿದ್ದೆ. ಅಳಿದು ಹೋದ ಪ್ರಾಣಿಗಳ ಎಲುಬಿನ ಜೊತೆಗೇ ಮನುಷ್ಯ ಮಾಡಿದ ಕಲ್ಲಿನ ಆಯುಧ ಸಿಕ್ಕ ಜಾಗ ಅದು. ಮನುಷ್ಯನ ವಯಸ್ಸು ಜನ ಅಂದುಕೊಂಡದ್ದಕ್ಕಿಂತ ತುಂಬ ಹಳೆಯದು ಅಂತ ತೋರಿಸಿಕೊಟ್ಟ ಗುಹೆಗಳಲ್ಲಿ ಒಂದು. 1865ರಿಂದ 1880ರವರೆಗೆ ಅದನ್ನು ಅಗೆಸಿದವರ ಹೆಸರು ವಿಲಿಯಂ ಪೆಂಗೆಲಿ. ಹೆಸರನ್ನು ಸುಮ್ನೆ ಬಾಯಿ ಬಿಟ್ಟು ಓದಿದೆ. ಪೆಂಗೆಲಿ. ಪೆಂಗಲ್ಲಿ. ಪೆಂಗಳ್ಳಿ. ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಲಂಟಾನ ಪೊದೆ, ಹಲಗೆ ಹೊಡೆದ ಕಿಟಕಿ, ಎಡಕ್ಕೆ ತಿರುಗುವ ದಾರಿ ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು.

ಅದು ಊರಲ್ಲ, ಮನುಷ್ಯನ ಹೆಸರು. ಆವತ್ತು ಹಾಗೆ ಅಂದುಕೊಂಡೆ. ಅಜ್ಜಿಗೆ ತಪ್ಪು ತಿಳಿವಳಿಕೆ ಇತ್ತು ಅಂತಲೂ ಅಂದುಕೊಂಡೆ. ಆದರೆ ಆ ಹೆಸರಿನ ಬೆನ್ನು ಹತ್ತಿ ಹೋದ ಮೇಲೆ ಗೊತ್ತಾಯಿತು, ತಪ್ಪಿದ್ದು ನಾನು. ಅಜ್ಜಿ ಹೇಳಿದ್ದೇ ಸರಿ. ಅದು ದೊರೆಯ ಊರಿನ ಹೆಸರೇ.

ಮಳೆಗಾಲ, ಕಂಬನಿ, ಪೆಂಗೆಲಿ

ಇಂಗ್ಲೆಂಡಿನ ನಕ್ಷೆಯಲ್ಲಿ ನೈಋತ್ಯಕ್ಕೆ ಒಂದು ಕಾಲು ಸಮುದ್ರಕ್ಕೆ ಚಾಚಿದೆ. ಅದೇ ಕಾರ್ನ್‌ವಾಲ್. ಅಲ್ಲಿಯವರ ಮಾತಿನಲ್ಲಿ ಕೆರ್ನೋ. ಆ ಮಾತು ಇಂಗ್ಲಿಷ್ ಅಲ್ಲ. ವೇಲ್ಸಿನ ವೆಲ್ಷ್, ಫ್ರಾನ್ಸಿನ ತುದಿಯ ಬ್ರೆಟನ್, ಇವುಗಳ ಒಡಹುಟ್ಟು. ಕಾರ್ನಿಷ್ ಅಂತ ಅದರ ಹೆಸರು. ಅಲ್ಲಿನ ಮನೆತನದ ಹೆಸರುಗಳ ಬಗ್ಗೆ ಒಂದು ಹಳೆಯ ಗಾದೆ ಇದೆ: ಟ್ರೆ, ಪೋಲ್, ಪೆನ್ ಅಂತ ಶುರುವಾದರೆ ಅವನು ಕಾರ್ನಿಷ್ ಅಂತ ತಿಳಿ. ಟ್ರೆ ಅಂದರೆ ಹಟ್ಟಿ, ನಾಲ್ಕಾರು ಒಕ್ಕಲಿನ ಊರು. ಪೋಲ್ ಅಂದರೆ ಮಡು, ಹೊಂಡ. ಪೆನ್ ಅಂದರೆ ತಲೆ. ತಲೆ ಅಂದರೆ ತುದಿಯೂ ಹೌದು, ಮೊದಲೂ ಹೌದು. ಇದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಗೆ ತಲೆಬಾಗಿಲಿದೆ, ಕಾವೇರಿಗೆ ತಲಕಾವೇರಿ ಇದೆ.

ಪೆಂಗೆಲಿಯ ಎರಡನೇ ತುಂಡು ಕೆಲ್ಲಿ. ಕೆಲ್ಲಿ ಅಂದರೆ ತೋಪು, ಸಣ್ಣ ಬನ. ಪೆನ್ ಮತ್ತು ಕೆಲ್ಲಿ ಸೇರಿದರೆ ತೋಪಿನ ತಲೆ, ತೋಪು ಮುಗಿಯುವ ಜಾಗ. ಸರಿ, ಆದರೆ ಕೆಲ್ಲಿ ಹೇಗೆ ಗೆಲ್ಲಿ ಆಯಿತು? ಇಲ್ಲಿ ನನಗೆ ಮೈ ಜುಂ ಅಂತು. ಕಾರ್ನಿಷ್ ಭಾಷೆಯಲ್ಲಿ ಕೆಲವು ಕಡೆ ಪದದ ಮೊದಲ ವ್ಯಂಜನ ಮೆತ್ತಗಾಗುತ್ತದೆ. ಕ ಇದ್ದದ್ದು ಗ ಆಗುತ್ತದೆ. ತ ಇದ್ದದ್ದು ದ ಆಗುತ್ತದೆ. ಪ ಇದ್ದದ್ದು ಬ ಆಗುತ್ತದೆ. ಏಳನೇ ಕ್ಲಾಸಿನ ವ್ಯಾಕರಣದ ಪಾಠ ನೆನಪಿದೆಯಲ್ವಾ? ಮಳೆ ಮತ್ತು ಕಾಲ ಸೇರಿ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಕಣ್ ಮತ್ತು ಪನಿ ಸೇರಿ ಕಂಬನಿ. ನಮ್ಮ ಮೇಷ್ಟ್ರು ಇದನ್ನು ಆದೇಶ ಸಂಧಿ ಅಂತ ಬಾಯಿಪಾಠ ಮಾಡಿಸಿದ್ದರು. ಕಾರ್ನಿಷ್‌ನಲ್ಲಿ ನಾಯಿಗೆ ಕೀ, ಅವನ ನಾಯಿ ಅಂದರೆ ಇ ಗೀ. ತಲೆಗೆ ಪೆನ್, ಅವನ ತಲೆ ಅಂದರೆ ಇ ಬೆನ್. ಎರಡು ಭಾಷೆಗೂ ರಕ್ತಸಂಬಂಧ ಇಲ್ಲ. ಹಾಗೆ ಹೇಳಲು ನಾನು ಹೊರಟಿಲ್ಲ. ಮನುಷ್ಯನ ನಾಲಿಗೆ ಎರಡು ಪದವನ್ನು ಹತ್ತಿರ ತಂದಾಗ ಗಟ್ಟಿ ಅಕ್ಷರವನ್ನು ಮೆತ್ತಗೆ ಮಾಡಿಕೊಳ್ಳುತ್ತದೆ, ಅಷ್ಟೇ. ಆದರೂ ಸಮುದ್ರದಾಚೆಯ ಒಂದು ಹೆಸರು ನಮ್ಮ ಮಳೆಗಾಲದ ದಾರಿಯಲ್ಲೇ ಬಂದು ನಿಂತದ್ದು ನೋಡಿ ನನಗೆ ತುಂಬ ಖುಷಿಯಾಯಿತು. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಈ ಹೆಸರಿನ ನಡುವೆ ಕೂಡುಗೆರೆ ಎಲ್ಲಿದೆ ಅಂತಲೇ ಕಾಣುವುದಿಲ್ಲ. ಕನ್ನಡದ ಕಿವಿಗೆ ಅದು ಕೇಳಿಸಿಬಿಡುತ್ತದೆ.

ಒಂದು ಸಲ ಬಾಗಿಲು ತೆರೆದ ಮೇಲೆ ನಾನು ನಿಲ್ಲಲಿಲ್ಲ. ತಿಂಗಳುಗಟ್ಟಲೆ ಕಾರ್ನಿಷ್ ಹೆಸರುಗಳನ್ನು ಬಿಡಿಸುತ್ತಾ ಕೂತೆ. ಟ್ರೆಮೇನ್ ಅಂದರೆ ಕಲ್ಲಿನ ಹಟ್ಟಿ. ಪೆನ್‌ರೋಸ್ ಅಂದರೆ ಬಯಲಿನ ತುದಿ. ಪೋಲ್‌ಗ್ಲೇಸ್ ಅಂದರೆ ನೀಲಿ ಮಡು. ಚೆಗ್ವಿಡ್ಡನ್ ಅಂದರೆ ಬಿಳಿ ಮನೆ. ನ್ಯಾನ್‌ಕ್ಯಾರೊ ಅಂದರೆ ಜಿಂಕೆಯ ಕಣಿವೆ. ಎಲ್ಲವೂ ನೆಲದ ಹೆಸರೇ ಅಂತಲ್ಲ. ಆಂಗೋವ್ ಅಂದರೆ ಕಮ್ಮಾರ. 1497ರಲ್ಲಿ ಲಂಡನ್ನಿನ ರಾಜ ಸ್ಕಾಟ್ಲೆಂಡಿನ ಮೇಲಿನ ಯುದ್ಧಕ್ಕೆ ಅಂತ ಹೊಸ ತೆರಿಗೆ ಹಾಕಿದಾಗ, ಸೇಂಟ್ ಕೆವರ್ನ್ ಊರಿನ ಒಬ್ಬ ಕಮ್ಮಾರ ಕಾರ್ನ್‌ವಾಲಿನ ಜನರನ್ನು ಕಟ್ಟಿಕೊಂಡು ಲಂಡನ್ನಿನವರೆಗೆ ನಡೆದ. ಸೋತ, ಪ್ರಾಣ ಬಿಟ್ಟ. ಅವನನ್ನು ಈಗಲೂ ಕರೆಯುವುದು ಮೈಕೆಲ್ ಆನ್ ಗೋಫ್ ಅಂತ, ಕಮ್ಮಾರ ಮೈಕೆಲ್. ಆನಿಯರ್ ಅಂದರೆ ಉದ್ದನೆಯವನು. ಟೈಯಾಕ್ ಅಂದರೆ ಬೇಸಾಯಗಾರ. ಕರ್ನೋ ಅಂದರೆ ಕಾರ್ನ್‌ವಾಲಿನವನು. ಹುಬ್ಬಳ್ಳಿ ಕಡೆಯ ಹಾಜರಿ ಪುಸ್ತಕದಲ್ಲಿ ಬಡಿಗೇರ, ಕಮ್ಮಾರ ಅಂತ ಓದಿದವರಿಗೆ ಇದು ಹೊಸದಲ್ಲ.

ಹೆಸರು ಮನುಷ್ಯನಿಗೆ ಅಂಟಿಕೊಂಡದ್ದು

ಮೊದಮೊದಲು ಪೆಂಗೆಲಿ ಯಾರ ಹೆಸರೂ ಆಗಿರಲಿಲ್ಲ. ಅದು ಒಂದು ಹೊಲಮನೆಯ ಹೆಸರು. ಅಲ್ಲಿ ಇರುವವನು ಪೆಂಗೆಲಿಯ ಜಾನ್. ಅವನೇ ಆ ಒಕ್ಕಲು ಬಿಟ್ಟು ಪಕ್ಕದ ಟ್ರೆಗಿಯರ್‌ಗೆ ಹೋದರೆ ಟ್ರೆಗಿಯರ್‌ನ ಜಾನ್. ಇಂಗ್ಲೆಂಡಿನ ಬೇರೆ ಕಡೆ ಮನೆತನದ ಹೆಸರುಗಳು ಗಟ್ಟಿಯಾಗಿ ನಿಂತ ಮೇಲೂ ಕಾರ್ನ್‌ವಾಲಿನ ಪಶ್ಚಿಮದ ಕಡೆ 16ನೇ ಶತಮಾನದವರೆಗೆ ಹೆಸರು ಹೀಗೆ ಮನೆ ಜೊತೆ ಬದಲಾಗುತ್ತಿತ್ತು. ಹಳೆಯ ದಾಖಲೆಗಳಲ್ಲಿ ಒಬ್ಬನಿಗೇ ಎರಡು ಹೆಸರು ಬರೆದಿರುತ್ತಾರೆ, 'ಇಂಥವನು ಉರುಫ್ ಇಂಥವನು' ಅಂತ. ತೆರಿಗೆ ಬರೆಯುವವನಿಗೆ, ಚರ್ಚಿನ ರಿಜಿಸ್ಟರ್ ಬರೆಯುವವನಿಗೆ ಅದು ದೊಡ್ಡ ತಲೆನೋವು. ಕೊನೆಗೆ ರಿಜಿಸ್ಟರ್ ಗೆದ್ದಿತು. ಯಾವುದೋ ಒಂದು ತಲೆಮಾರಿನಲ್ಲಿ ಜಾನ್ ಮನೆ ಬಿಟ್ಟ, ಆದರೆ ಮನೆ ಹೆಸರು ಅವನನ್ನು ಬಿಡಲಿಲ್ಲ.

ಇನ್ನೊಂದು ವಿಷಯ. ಪೆಂಗೆಲಿ ಅನ್ನುವ ಜಾಗ ಕಾರ್ನ್‌ವಾಲಿನಲ್ಲಿ ಒಂದಲ್ಲ, ಹಲವು ಇವೆ. ತೋಪು ಎಲ್ಲೆಲ್ಲಿತ್ತೋ ಅಲ್ಲೆಲ್ಲ ಅದರ ತುದಿಯೂ ಇತ್ತು. ಹಾಗಾಗಿ ಇವತ್ತು ಇಬ್ಬರು ಪೆಂಗೆಲಿಗಳು ಎದುರಾದರೆ ಅವರು ನೆಂಟರೇ ಆಗಬೇಕಿಲ್ಲ. ವಂಶವೃಕ್ಷ ಹುಡುಕುವವರು ಇಲ್ಲಿ ಜಾಸ್ತಿ ಎಡವುತ್ತಾರೆ. ಒಂದೇ ಹೆಸರು ಅಂದರೆ ಒಂದೇ ಮೂಲ ಪುರುಷ ಇರಬೇಕು ಅಂತ ಮನಸ್ಸು ಹೇಳುತ್ತದೆ. ಇಲ್ಲಿ ಮೂಲದಲ್ಲಿರುವುದು ಪುರುಷನಲ್ಲ, ಮರಗಳು.

ಇದು ನನಗೆ ಪುಸ್ತಕದ ವಿಷಯವಾಗಿ ಉಳಿಯಲಿಲ್ಲ. ನನ್ನ ಹೆಸರಿನ ಮುಂದೆ ಒಂದು 'ಹು' ಇದೆ. ಹುಣಸನಹಳ್ಳಿ. ಅಪ್ಪನ ಕಡೆಯ ಊರು. ನಮ್ಮೂರಿನಲ್ಲಿ ಯಾರೂ ನಮ್ಮನ್ನು ಹಾಗೆ ಕರೆಯುವುದಿಲ್ಲ, ಯಾಕೆ ಕರೆಯುತ್ತಾರೆ, ಅಲ್ಲಿ ಎಲ್ಲರೂ ಹುಣಸನಹಳ್ಳಿಯವರೇ. ತಾತ ಊರು ಬಿಟ್ಟು ಬೆಂಗಳೂರಿಗೆ ಓದಲು ಬಂದಾಗ ಸ್ಕೂಲಿನಲ್ಲಿ ಆ ಅಕ್ಷರ ಸೇರಿತು. ಅಣ್ಣನ ಮಗ ಅಮೆರಿಕಕ್ಕೆ ಹೊರಟಾಗ ಫಾರ್ಮಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾಯಿತು. ಈಗ ಅವನು ಅಲ್ಲಿ ಮಿಸ್ಟರ್ ಹುಣಸನಹಳ್ಳಿ. ಅವನ ಮಗಳು ಸ್ಕೂಲಿನಲ್ಲಿ ಮಿಸ್ ಹುಣಸನಹಳ್ಳಿ. ಆ ಮಗು ಹುಣಸೆಮರ ನೋಡಿಲ್ಲ. ಅವಳ ಟೀಚರಿಗೆ ಅದು ಒಂದು ಉದ್ದ ಹೆಸರು, ಅಷ್ಟೇ. ಇನ್ನು ಇನ್ನೂರು ವರ್ಷಕ್ಕೆ ಯಾರಾದರೂ ಆ ಹೆಸರಿನ ಜಾಡು ಹಿಡಿದು ಹುಡುಕಿದರೆ, ಕರ್ನಾಟಕದಲ್ಲಿ ಎಷ್ಟೊಂದು ಹುಣಸನಹಳ್ಳಿಗಳು ಸಿಗುತ್ತವೆ ಅವರಿಗೆ! ಐದು ನೂರು ವರ್ಷದ ಹಿಂದೆ ಕಾರ್ನ್‌ವಾಲಿನಲ್ಲಿ ಆದದ್ದು ನಮ್ಮ ಮನೆಯಲ್ಲಿ ನನ್ನ ಕಣ್ಣೆದುರಿಗೇ ಆಗಿದೆ.

ಗುಂಡಿ ಎಲ್ಲಿದೆಯೋ ಅಲ್ಲಿ

ಕಾರ್ನ್‌ವಾಲಿನ ನೆಲದಡಿ ತವರ, ತಾಮ್ರ. ಜನ ಸಾವಿರಾರು ವರ್ಷದಿಂದ ಅಗೆಯುತ್ತಿದ್ದರು. ಗಣಿಯೊಳಗೆ ನುಗ್ಗುವ ನೀರನ್ನು ಎತ್ತಿ ಹಾಕಲು ಉಗಿಯಂತ್ರ ಬಂದ ಮೇಲೆ ಆಳ ಹೆಚ್ಚಿತು. ಕ್ಯಾಂಬೋರ್ನ್ ಹತ್ತಿರದ ಡಾಲ್ಕೋತ್ ಗಣಿ ಸುಮಾರು 1 ಕಿಲೋಮೀಟರ್ ಕೆಳಕ್ಕೆ ಹೋಯಿತು. ಅದೇ ಕ್ಯಾಂಬೋರ್ನ್ ಕಡೆಯವರು ರಿಚರ್ಡ್ ಟ್ರೆವಿಥಿಕ್. ರೈಲಿನ ಉಗಿಬಂಡಿಯನ್ನು 1804ರಲ್ಲೇ ಹಳಿ ಮೇಲೆ ಓಡಿಸಿ ತೋರಿಸಿದವರು. ಅವರೂ 1816ರಲ್ಲಿ ಪೆರುವಿನ ಬೆಳ್ಳಿ ಗಣಿಗೆ ಅಂತ ಹಡಗು ಹತ್ತಿದವರು ತಿರುಗಿ ಊರು ಸೇರಿದ್ದು 1827ರಲ್ಲಿ, ಬರಿಗೈಯಲ್ಲಿ. ಟ್ರೆ ಇಂದ ಶುರುವಾಗುವ ಹೆಸರು, ನೋಡಿ.

1840ರ ದಶಕದಲ್ಲಿ ಆಲೂಗಡ್ಡೆಗೆ ರೋಗ ಬಿತ್ತು. 1866ರಲ್ಲಿ ತಾಮ್ರದ ಬೆಲೆ ಕುಸಿಯಿತು. ಆಮೇಲೆ ತವರದ ಸರದಿ. ಗಣಿಗಳು ಒಂದರ ಹಿಂದೆ ಒಂದು ಮುಚ್ಚಿದವು. 1861ರಲ್ಲಿ ಕಾರ್ನ್‌ವಾಲಿನ ಒಟ್ಟು ಜನಸಂಖ್ಯೆ 3 ಲಕ್ಷ 69 ಸಾವಿರದಷ್ಟು. ಅಲ್ಲಿಂದ 1901ರವರೆಗಿನ ನಲವತ್ತು ವರ್ಷದಲ್ಲಿ ಊರು ಬಿಟ್ಟು ಸಮುದ್ರ ದಾಟಿದವರು ಸುಮಾರು ಎರಡೂವರೆ ಲಕ್ಷ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಸ್ವಲ್ಪ ಹೊತ್ತು ನೋಡಿ. ಒಂದು ಜಿಲ್ಲೆಯಷ್ಟಿರುವ ನೆಲ. ಮನೆಯಿಂದ ಒಬ್ಬರಲ್ಲ, ಇಬ್ಬರು ಮೂವರು ಹೋದರು. ಹೋದವರು ಕಳಿಸುವ ದುಡ್ಡಿಗೆ ಅಲ್ಲಿ 'ಹೋಮ್ ಪೇ' ಅಂತ ಹೆಸರೇ ಇತ್ತು. ದಕ್ಷಿಣ ಆಫ್ರಿಕಾದಿಂದ ಅಂಚೆ ಬರುವ ದಿನ ರೆಡ್‌ರೂತ್, ಕ್ಯಾಂಬೋರ್ನ್ ಪೇಟೆಯ ಅಂಗಡಿಗಳು ಕಾದು ಕೂರುತ್ತಿದ್ದವು. ಅಂಚೆ ಬರದ ಮನೆಗಳಲ್ಲಿ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಹೇಗೋ ದಿನ ತಳ್ಳಿದರು. ವಲಸೆಯ ಕಥೆಯನ್ನು ಹೇಳುವವರು ಹಡಗು ಹತ್ತಿದವರ ಹಿಂದೆಯೇ ಹೋಗಿಬಿಡುತ್ತಾರೆ. ದಂಡೆಯಲ್ಲಿ ಉಳಿದವರ ಕಡೆ ತಿರುಗಿ ನೋಡುವುದು ಕಡಿಮೆ.

ಅವರು ಹೋದ ಕಡೆಗಳ ಪಟ್ಟಿ ಓದಿದರೆ ಭೂಗೋಳದ ಪಾಠದ ಹಾಗಿದೆ. ಅಮೆರಿಕದ ವಿಸ್ಕಾನ್ಸಿನ್‌ನ ಮಿನರಲ್ ಪಾಯಿಂಟ್, ಮಿಷಿಗನ್‌ನ ತಾಮ್ರದ ನಾಡು, ಕ್ಯಾಲಿಫೋರ್ನಿಯಾದ ಗ್ರಾಸ್ ವ್ಯಾಲಿ. ದಕ್ಷಿಣ ಆಸ್ಟ್ರೇಲಿಯಾದ ಬರ‍್ರಾ, ಮೂಂಟಾ, ಕಡೀನಾ, ವಾಲರೂ. ಮೂಂಟಾ ಕಡೆಯನ್ನು ಇವತ್ತಿಗೂ ಪುಟ್ಟ ಕಾರ್ನ್‌ವಾಲ್ ಅನ್ನುತ್ತಾರೆ. ಎರಡು ವರ್ಷಕ್ಕೊಮ್ಮೆ ಅಲ್ಲಿ ನಡೆಯುವ ಜಾತ್ರೆಯ ಹೆಸರೂ ಕಾರ್ನಿಷ್‌ನಲ್ಲೇ ಇದೆ. ಹೋದ ಕಡೆಯೆಲ್ಲ ಅವರಿಗೆ 'ಕಸಿನ್ ಜ್ಯಾಕ್' ಅಂತ ಅಡ್ಡಹೆಸರು. ಇನ್ನೊಬ್ಬ ಕೆಲಸಗಾರ ಬೇಕಾ ಅಂತ ಯಾರಾದರೂ ಕೇಳಿದರೆ, ಊರಲ್ಲಿ ನನ್ನ ಕಸಿನ್ ಜ್ಯಾಕ್ ಇದ್ದಾನೆ, ಕರೆಸುತ್ತೇನೆ ಅನ್ನುತ್ತಿದ್ದರಂತೆ. ಭೂಮಿಯ ಮೇಲೆ ಎಲ್ಲಿ ಗುಂಡಿ ಇದ್ದರೂ ಅದರ ತಳದಲ್ಲಿ ಒಬ್ಬ ಕಸಿನ್ ಜ್ಯಾಕ್ ಇರುತ್ತಾನೆ ಅನ್ನುವ ಮಾತೂ ಹುಟ್ಟಿತು.

ಪೆಂಗೆಲಿಗಳೂ ಈ ಅಲೆಯಲ್ಲೇ ಹರಡಿದರು. ಎಲ್ಲರೂ ಗಣಿಯವರಲ್ಲ. ಗುಹೆ ಅಗೆಸಿದ ವಿಲಿಯಂ ಪೆಂಗೆಲಿ 1812ರಲ್ಲಿ ಲೂ ಅನ್ನುವ ಮೀನುಗಾರರ ಊರಿನಲ್ಲಿ ಹುಟ್ಟಿದವರು, ಕಡಲ ಕೆಲಸದ ಮನೆತನ. ಪಕ್ಕದ ಡೆವನ್‌ಗೆ ಹೋಗಿ ಶಾಲೆ ನಡೆಸಿದರು. ಗುಹೆಯಲ್ಲಿ ಸಿಕ್ಕ ಪ್ರತಿಯೊಂದು ಎಲುಬು ಯಾವ ಪದರದಲ್ಲಿ, ಎಷ್ಟು ಆಳದಲ್ಲಿ, ಗೋಡೆಯಿಂದ ಎಷ್ಟು ದೂರದಲ್ಲಿ ಸಿಕ್ಕಿತು ಅಂತ ಬರೆದಿಡುವ ಪದ್ಧತಿಯನ್ನು ಅವರು ಬಿಡದೆ ಪಾಲಿಸಿದರು. ವಸ್ತುವಿಗಿಂತ ಅದು ಇದ್ದ ಜಾಗ ಮುಖ್ಯ ಅನ್ನುವ ತಿಳಿವಳಿಕೆ ಅದು. ಇನ್ನೊಂದು ಕಡೆ, ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಪೆಂಗೆಲಿ ಹೆಸರಿನ ಒಂದು ಕಾರ್ಖಾನೆ ಇತ್ತು, ಕೊನೆಯ ಅಕ್ಷರಗಳ ಸ್ಪೆಲಿಂಗ್ ಸ್ವಲ್ಪ ಬೇರೆ. 1929ರಲ್ಲಿ ಅಲ್ಲಿಂದ ಗ್ಲೆನೆಲ್ಗ್ ಕಡಲತೀರಕ್ಕೆ ಟ್ರಾಮ್ ಶುರುವಾದಾಗ ಬಂಡಿಗಳನ್ನು ಕಟ್ಟಿಕೊಟ್ಟದ್ದು ಆ ಕಾರ್ಖಾನೆ. ಆ ಬಂಡಿಗಳು ಎಪ್ಪತ್ತು ವರ್ಷಕ್ಕೂ ಮೀರಿ ಓಡಿದವು.

ಇಷ್ಟೆಲ್ಲ ಓದುವಾಗ ಒಂದು ವಿಷಯ ನನ್ನನ್ನು ಕಾಡಿತು. ಈಗಲೂ ಕಾಡುತ್ತದೆ. ಈ ಜನ ಹಡಗು ಹತ್ತುವ ಹೊತ್ತಿಗೆ ಅವರ ಭಾಷೆ ಸತ್ತಿತ್ತು. 1549ರಲ್ಲಿ ಚರ್ಚಿನ ಪ್ರಾರ್ಥನೆಯನ್ನು ಇಂಗ್ಲಿಷಿನಲ್ಲಿ ಹೇರಿದಾಗ ಕಾರ್ನ್‌ವಾಲ್ ದಂಗೆ ಎದ್ದಿತು, ಸಾವಿರಾರು ಜನ ಸತ್ತರು. ಆಮೇಲೆ ಭಾಷೆ ಹಿಂದಕ್ಕೆ ಸರಿಯುತ್ತಾ ಪಶ್ಚಿಮದ ತುದಿಗೆ ಹೋಗಿ ಸೇರಿತು. ಮೌಸ್‌ಹೋಲ್ ಊರಿನಲ್ಲಿ ಮೀನು ಮಾರುತ್ತಿದ್ದ ಡಾಲಿ ಪೆಂಟ್ರೀತ್ 1777ರಲ್ಲಿ ತೀರಿಕೊಂಡರು. ಆ ಮಾತನ್ನು ತಾಯ್ನುಡಿಯಾಗಿ ಆಡಿದ ಕೊನೆಯವರು ಅಂತ ನೆನೆಯುವುದು ಅವರನ್ನೇ. ಅಂದರೆ 1870ರಲ್ಲಿ ಮೂಂಟಾಕ್ಕೆ ಹೋದ ಒಬ್ಬ ಪೆಂಗೆಲಿಗೆ ತನ್ನ ಹೆಸರಿನಲ್ಲಿ ತೋಪಿದೆ ಅಂತ ಗೊತ್ತಿರಲಿಲ್ಲ. ಬೀಗ ಹಾಕಿದ ಟ್ರಂಕನ್ನು ಹೊತ್ತುಕೊಂಡು ಹೋದ, ಕೀಲಿಕೈ ಅವನ ತಾತನ ಕಾಲಕ್ಕೇ ಕಳೆದಿತ್ತು. 1904ರಲ್ಲಿ ಹೆನ್ರಿ ಜೆನ್ನರ್ ಕಾರ್ನಿಷ್ ಕೈಪಿಡಿ ಬರೆದ ಮೇಲೆ ಆ ಭಾಷೆಯನ್ನು ಮತ್ತೆ ಕಲಿಯುವವರು ಹುಟ್ಟಿಕೊಂಡರು. ಈಗ ಕೆಲವು ಮನೆಗಳಲ್ಲಿ ಮಕ್ಕಳೂ ಅದನ್ನು ಆಡುತ್ತಾರೆ. ಹೊಸದಾಗಿ ಕಲಿಯುವವರಿಗೆ ಊರಿನ ಹೆಸರು, ಮನೆತನದ ಹೆಸರುಗಳೇ ಕೈಗೆ ಸಿಗುವ ಮೊದಲ ಪಾಠ. ಹಾಗೆ ನೋಡಿದರೆ ಟ್ರಂಕು ಹೊತ್ತವರು ವ್ಯರ್ಥವಾಗಿ ಹೊರಲಿಲ್ಲ.

ದೊರೆ ಆದವನು

ಕೆಜಿಎಫ್‌ಗೆ ಬರುತ್ತೇನೆ. ಜಾನ್ ಟೇಲರ್ ಅಂತ ಒಬ್ಬರು ನಾರ್ವಿಚ್‌ನವರು, ಕಾರ್ನ್‌ವಾಲಿನ ದೊಡ್ಡ ತಾಮ್ರದ ಗಣಿಗಳನ್ನು ನಡೆಸುತ್ತಿದ್ದರು. 1825ರಲ್ಲಿ ಅವರು ಕಾರ್ನಿಷ್ ಗಣಿಗಾರರನ್ನೂ ಉಗಿಯಂತ್ರಗಳನ್ನೂ ಹಡಗಿಗೆ ತುಂಬಿಸಿ ಮೆಕ್ಸಿಕೋದ ರಿಯಾಲ್ ಡೆಲ್ ಮಾಂಟೆಗೆ ಕಳಿಸಿದರು. ಕರಾವಳಿಯಲ್ಲಿ ಇಳಿದ ಕೂಡಲೇ ಹಳದಿ ಜ್ವರಕ್ಕೆ ತುಂಬ ಜನ ಸತ್ತರು. ಉಳಿದವರು ಯಂತ್ರಗಳನ್ನು ಎಳೆದುಕೊಂಡು ಬೆಟ್ಟ ಹತ್ತಿದರು. ಅವರು ಗಣಿಯೊಳಗೆ ಬುತ್ತಿ ಕಟ್ಟುತ್ತಿದ್ದ ಪೇಸ್ಟಿ, ನಮ್ಮ ಕರ್ಜಿಕಾಯಿ ಥರ ಅಂಚು ಮಡಚಿದ ಖಾರದ ತಿಂಡಿ, ಆ ಊರಿನಲ್ಲಿ ಈಗಲೂ ಪಾಸ್ಟೆ ಅಂತ ಮಾರಾಟವಾಗುತ್ತದೆ. ಅದೇ ಟೇಲರ್ ಮನೆತನದ ಕಂಪನಿ, ಜಾನ್ ಟೇಲರ್ ಆ್ಯಂಡ್ ಸನ್ಸ್, 1880ರಲ್ಲಿ ಕೋಲಾರಕ್ಕೆ ಬಂತು. ಹಾಕಿದ ದುಡ್ಡು ಮುಗಿದು ಗಣಿ ಮುಚ್ಚುವ ಹಂತದಲ್ಲಿದ್ದಾಗ ಕ್ಯಾಪ್ಟನ್ ಪ್ಲಮರ್ ಅನ್ನುವವರು ಚಾಂಪಿಯನ್ ರೀಫಿನ ಚಿನ್ನದ ಎಳೆ ಹಿಡಿದರು. ಈ ಕ್ಯಾಪ್ಟನ್ ಅನ್ನುವ ಪದವಿ ಸೈನ್ಯದ್ದಲ್ಲ. ಕಾರ್ನ್‌ವಾಲಿನಲ್ಲಿ ಗಣಿಯ ಮೇಲ್ವಿಚಾರಕನಿಗೆ ಕ್ಯಾಪ್ಟನ್ ಅನ್ನುತ್ತಾರೆ. ಕೆಜಿಎಫ್‌ಗೆ ಆ ಪದ ಬಂದದ್ದು ಅಲ್ಲಿಂದ.

ಕಂಪನಿಯ ಜೊತೆ ಕಾರ್ನಿಷ್ ಕ್ಯಾಪ್ಟನ್‌ಗಳು, ಶಿಫ್ಟ್ ಬಾಸ್‌ಗಳು, ಇಂಜಿನ್ ಬಲ್ಲವರು ಬಂದರು. ಪೆಂಗಳ್ಳಿ ಬಂಗ್ಲೆಯಲ್ಲಿ ಇದ್ದವರು ಅವರಲ್ಲಿ ಒಬ್ಬರಿರಬೇಕು. ನಾನು ಆ ಮನುಷ್ಯನನ್ನು ತುಂಬ ಸಲ ಕಲ್ಪಿಸಿಕೊಂಡಿದ್ದೇನೆ. ಪೂರ್ತಿ ಪ್ರೀತಿಯಿಂದ ಕಲ್ಪಿಸಿಕೊಳ್ಳಲು ನನ್ನಿಂದ ಆಗಿಲ್ಲ. ಊರಿನಲ್ಲಿ ಅವನ ಅಪ್ಪ ಬಹುಶಃ ಏಣಿ ಹತ್ತಿ ಇಳಿದು ಎದೆ ಹಾಳುಮಾಡಿಕೊಂಡವನು. ಗಣಿ ಮುಚ್ಚಿ ಹೊಟ್ಟೆಗಿಲ್ಲದ ಮನೆ. ಅಲ್ಲಿಂದ ಬಂದವನು ಇಲ್ಲಿ ದೊರೆಯಾದ. ಬಂಗ್ಲೆ, ಆಳುಕಾಳು, ಕ್ಲಬ್ಬು. ಸುರಂಗದ ತುದಿಯಲ್ಲಿ ಬಂಡೆಗೆ ತೂತು ಕೊರೆಯುತ್ತಿದ್ದವರು ಉತ್ತರ ಆರ್ಕಾಟ್, ಚಿತ್ತೂರು, ಕೋಲಾರದ ಬಡವರು. ಅವರೂ ಬರದಿಂದ, ಜಾತಿಯ ಹಿಂಸೆಯಿಂದ ತಪ್ಪಿಸಿಕೊಂಡು ಊರು ಬಿಟ್ಟು ಬಂದವರೇ. ಅವರಿಗೆ ಸಿಕ್ಕಿದ್ದು ಲೈನ್ ಮನೆಯ ಒಂದು ಕೋಣೆ. 1902ರಲ್ಲಿ ಶಿವನಸಮುದ್ರದಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ ಕರೆಂಟ್ ಎಳೆದು ತಂದದ್ದು ಗಣಿಗೆ. ಲೈನ್ ಮನೆಗಳಲ್ಲಿ ಬುಡ್ಡಿ ದೀಪ ಆಮೇಲೂ ಎಷ್ಟೋ ಕಾಲ ಉರಿಯಿತು. ಒಂದೇ ಗುಂಡಿ, ಇಬ್ಬರೂ ವಲಸೆ ಬಂದವರು, ಇಬ್ಬರೂ ಊರು ಕಳಕೊಂಡವರು. ಒಬ್ಬನ ಹೆಸರು ಬಂಗ್ಲೆಗೆ ಉಳಿಯಿತು. ಇನ್ನೊಬ್ಬನ ಹೆಸರು ಹಾಜರಿ ಪುಸ್ತಕದ ನಂಬರಿನಲ್ಲಿ ಮುಗಿಯಿತು. ಇದನ್ನು ಬಿಟ್ಟು ಬರೀ ಹೆಸರಿನ ಚೆಂದ ಹೇಳಿದರೆ ಅಮ್ಮನ ಕಡೆಯ ನನ್ನ ತಾತನಿಗೆ ನಾನು ಮೋಸ ಮಾಡಿದ ಹಾಗೆ. ತಾತ ಟೈಂ ಆಫೀಸಿನಲ್ಲಿ ಆ ನಂಬರುಗಳನ್ನೇ ಬರೆಯುತ್ತಿದ್ದರು.

ಒಂದು ರಾತ್ರಿ ನೆನಪಿದೆ. ನಾನು ಎಂಟು ವರ್ಷದವನೋ ಒಂಬತ್ತೋ. ಅಡುಗೆಮನೆಯ ಗೂಡಿನಲ್ಲಿದ್ದ ಸ್ಟೀಲ್ ತಟ್ಟೆಗಳು ಗಲಗಲ ಅಂದವು. ನೆಲ ನಡುಗಿತು. ರಾಕ್ ಬರ್ಸ್ಟ್. ಚಾಂಪಿಯನ್ ರೀಫಿನ ಆಳ ಆಗಲೇ 3 ಕಿಲೋಮೀಟರ್ ದಾಟಿತ್ತು. ಅಷ್ಟು ಆಳದಲ್ಲಿ ಬಂಡೆ ತನ್ನ ಭಾರಕ್ಕೆ ತಾನೇ ಸಿಡಿಯುತ್ತದೆ. ಅಜ್ಜಿ ಎದ್ದು ಕೂತರು. ಕಂಬ ಹಿಡಿದುಕೊಂಡು ಕಿವಿಗೊಟ್ಟರು. 'ಚಾಂಪಿಯನ್ ಕಡೆ' ಅಂದರು ಮೆಲ್ಲಗೆ. ತಾತ ಅಂಗಿ ಹಾಕಿಕೊಂಡು ಹೊರಟರು. ಅಕ್ಕಪಕ್ಕದ ಮನೆಯವರೆಲ್ಲ ಬೀದಿಯಲ್ಲಿ ನಿಂತಿದ್ದರು. ತಮಿಳು, ತೆಲುಗು, ಕನ್ನಡ. ಯಾರೂ ಜೋರಾಗಿ ಮಾತಾಡಲಿಲ್ಲ. ಬೆಳಗಿನ ಜಾವ ತಾತ ತಿರುಗಿ ಬಂದು ನೀರು ಕುಡಿದು ಹೇಳಿದ್ದು ಒಂದೇ ಮಾತು, 'ಈ ಸಲ ಯಾರೂ ಇಲ್ಲ.' ಬೀದಿಯವರು ಒಳಗೆ ಹೋದರು. ಡಾಲ್ಕೋತ್ ಸುತ್ತಲಿನ ಬೀದಿಗಳಲ್ಲೂ ಜನ ಹೀಗೇ ಎದ್ದು ನಿಂತು ಕಾದಿದ್ದರು ಅಂತ ಈಗ ನನಗೆ ಗೊತ್ತು.

1956ರಲ್ಲಿ ಗಣಿಗಳು ಸರ್ಕಾರದ ಕೈಗೆ ಬಂದವು. ದೊರೆಗಳು ಹೋದರು. 2001ರ ಫೆಬ್ರವರಿ 28ಕ್ಕೆ ಗಣಿಯೂ ನಿಂತಿತು. ಕಾರ್ನ್‌ವಾಲಿನ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ ಮುಚ್ಚಿದ್ದು 1998ರಲ್ಲಿ. ಮೂರೇ ವರ್ಷದ ವ್ಯತ್ಯಾಸ.

ತೋಪು ಹುಡುಕಿಕೊಂಡು

ಎರಡು ವರ್ಷದ ಹಿಂದೆ ಬ್ರಿಸ್ಟಲ್‌ನಲ್ಲಿರುವ ತಂಗಿ ಮನೆಗೆ ಹೋಗಿದ್ದೆ. ಅಲ್ಲಿಂದ ರೈಲಿನಲ್ಲಿ ಹೊರಟು ಟೇಮರ್ ನದಿ ದಾಟಿದೆ. 1859ರ ಕಬ್ಬಿಣದ ಸೇತುವೆ. ಊರು ಬಿಟ್ಟ ಎಷ್ಟೋ ಜನ ಇದರ ಮೇಲೆಯೇ ಆ ಕಡೆಗೆ ಹೋದದ್ದು. ನಾನು ಈ ಕಡೆಗೆ ಬರುತ್ತಿದ್ದೆ. ರೈಲು ಇಳಿದು ಬಸ್ಸು ಬದಲಿಸಿ ಉತ್ತರದ ಡೆಲಬೋಲ್ ಅನ್ನುವ ಊರು ಸೇರಿದೆ. ಪೆಂಗೆಲಿ, ಮೆಡ್ರೋಸ್, ರಾಕ್‌ಹೆಡ್ ಅನ್ನುವ ಮೂರು ಹಳ್ಳಿಗಳು ಬೆಳೆದು ಒಂದಕ್ಕೊಂದು ತಾಗಿ ಆದ ಊರು ಅದು. 1893ರಲ್ಲಿ ರೈಲು ಬಂದು 1966ರಲ್ಲಿ ನಿಂತುಹೋಯಿತು. ಊರಿನ ಪಕ್ಕದಲ್ಲೇ ಸ್ಲೇಟ್ ಕಲ್ಲಿನ ಕ್ವಾರಿ, 400 ಅಡಿಗೂ ಹೆಚ್ಚು ಆಳ, ಸುತ್ತು ಹಾಕಿದರೆ ಮೈಲಿಗೂ ಜಾಸ್ತಿ. ಅಂಚಿನಲ್ಲಿ ನಿಂತರೆ ಕಾಲು ಜುಮ್ಮೆನ್ನುತ್ತದೆ. ತಳದಲ್ಲಿ ಹಸಿರು ನೀರು. ಅಟ್ಲಾಂಟಿಕ್ ಕಡೆಯಿಂದ ಗಾಳಿ ಬೀಸುತ್ತಲೇ ಇತ್ತು. ಬ್ರಿಟನ್ನಿನಲ್ಲಿ ವ್ಯಾಪಾರಕ್ಕೆ ಅಂತ ಗಾಳಿಯಂತ್ರಗಳನ್ನು ಮೊದಲು ನೆಟ್ಟದ್ದು ಇಲ್ಲೇ, 1991ರಲ್ಲಿ. ಯಾಕೆ ಅಂತ ಮೈಗೇ ಗೊತ್ತಾಯಿತು.

ಪೆಂಗೆಲಿ ಅಂತ ಬೋರ್ಡ್ ಇರುವ ಬೀದಿ ಸಿಕ್ಕಿತು. ಸ್ಲೇಟ್ ಕಲ್ಲಿನ ಮನೆಗಳು, ಗೋಡೆಗೆ ಒರಗಿಸಿದ ಸೈಕಲ್, ಒದ್ದೆ ರಸ್ತೆ. ತೋಪು ಅನ್ನುವಷ್ಟು ಮರ ನನಗೆ ಎಲ್ಲೂ ಕಾಣಲಿಲ್ಲ. ನಾಯಿ ಹಿಡಿದುಕೊಂಡು ಬರುತ್ತಿದ್ದ ವಯಸ್ಸಾದ ಹೆಂಗಸು ನಾನು ಬೋರ್ಡಿನ ಫೋಟೊ ತೆಗೆಯುವುದು ನೋಡಿ ನಿಂತರು. ನಿಮ್ಮವರು ಯಾರಾದರೂ ಪೆಂಗೆಲಿ ಇದ್ದರಾ ಅಂತ ಕೇಳಿದರು. ಇಲ್ಲ, ನಮ್ಮೂರಿನಲ್ಲಿ ಒಂದು ಮನೆಗೆ ಈ ಹೆಸರಿತ್ತು ಅಂದೆ. ಯಾವ ಊರು ಅಂದರು. ಕೋಲಾರ ಚಿನ್ನದ ಗಣಿ ಅಂದೆ. ಅವರ ಮುಖ ಅರಳಿತು. ಅವರ ಅಜ್ಜಿಯ ಮನೆಯ ಗೋಡೆಯ ಮೇಲೆ ಇಂಡಿಯಾದ ಗಣಿಯ ಮುಂದೆ ನಿಂತ ಗಂಡಸರ ಫೋಟೊ ಒಂದಿತ್ತಂತೆ. ಯಾರು ಅಂತ ಯಾರೂ ಹೇಳಲಿಲ್ಲವಂತೆ. ಆ ಫೋಟೊ ಏನಾಯಿತು ಅಂತ ಕೇಳಿದೆ. ಮನೆ ಮಾರುವಾಗ ಹೋಯಿತು ಅಂದರು. ಪೆನ್, ಕೆಲ್ಲಿ ಅಂತ ನಾನು ಬಿಡಿಸಿ ಹೇಳಿದೆ. ಅವರು ಅದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡರು. ಇಷ್ಟು ವರ್ಷ ಇಲ್ಲೇ ಇದ್ದೇನೆ, ಯಾರೂ ಹೇಳಿರಲಿಲ್ಲ ಅಂದರು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಸುತ್ತ ನೋಡಿದೆವು, ಮರ ಎಲ್ಲಾದರೂ ಉಳಿದಿದೆಯಾ ಅಂತ.

ಬಸ್ ಸ್ಟಾಪಿನಲ್ಲಿ ಕೂತು ಅಮ್ಮನಿಗೆ ಫೋಟೊ ಕಳಿಸಿದೆ. ಕೂಡಲೇ ಫೋನ್ ಬಂತು. ಅಮ್ಮ ಬೋರ್ಡನ್ನು ಗಟ್ಟಿಯಾಗಿ ಓದಿದರು, 'ಪೆಂಗಳ್ಳಿ.' ಥೇಟ್ ಅಜ್ಜಿಯ ದನಿ.

'ಹಳ್ಳೀನೇ ಅಲ್ವಾ ಇದು?' ಅಂದರು.

'ಹೌದಮ್ಮ, ಹಳ್ಳೀನೇ. ತೋಪಿನ ತುದಿ ಅಂತ ಅರ್ಥ.'

'ತೋಪು ಇದೆಯಾ?'

'ಇಲ್ಲ.'

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. 'ಹುಣಸನಹಳ್ಳಿಯಲ್ಲಿ ಎರಡು ಮರ ಇತ್ತು' ಅಂದರು. 'ನಾನು ಮದುವೆಯಾಗಿ ಬಂದಾಗ ಲೆಕ್ಕ ಹಾಕಿದ್ದೆ. ರಸ್ತೆ ಅಗಲ ಮಾಡುವಾಗ ಒಂದನ್ನು ಕಡಿದರು. ಇನ್ನೊಂದು ಗುಡಿ ಹಿಂದೆ ಇದೆ. ನೀನು ಬಂದ ಮೇಲೆ ಹೋಗಿ ಅದರದ್ದೂ ಒಂದು ಫೋಟೊ ತೆಗಿ, ಆ ಮಗೂಗೆ ಕಳಿಸೋಣ.'